ಕೀ ಮುರಿಯಿತೆ? ಯಾವ ಭಾಗ ಎಂದು ಮೊದಲು ನೋಡಿ

ಕಾರಿನ ಕೀ ಮುರಿದಾಗ ಹೆಚ್ಚಿನವರು ಮೊದಲು ಫೋನ್ ಮಾಡುವುದು ಶೋರೂಮಿಗೆ. ಅಲ್ಲಿಂದ ಬರುವ ಉತ್ತರವೂ ಹೆಚ್ಚುಕಮ್ಮಿ ಒಂದೇ: ‘ಹೊಸ ಕೀಗೆ ಆರ್ಡರ್ ಹಾಕಬೇಕು ಸಾರ್. ಆರ್‌ಸಿ ಕಾಪಿ ತನ್ನಿ, ಅಡ್ವಾನ್ಸ್ ಕಟ್ಟಿ, ಬಂದಮೇಲೆ ಫೋನ್ ಮಾಡ್ತೀವಿ.’ ಕೆಲವು ಕಡೆ ‘ಲಾಕ್ ಸೆಟ್ಟೇ ಬದಲಾಯಿಸಬೇಕು’ ಎಂದೂ ಹೇಳುತ್ತಾರೆ. ಲಾಕ್ ಸೆಟ್ ಎಂದರೆ ಇಗ್ನಿಷನ್ನಿನ ಬೀಗ, ಬಾಗಿಲಿನ ಬೀಗ, ಡಿಕ್ಕಿಯ ಬೀಗ ಮತ್ತು ಹೊಸ ಕೀಗಳು ಎಲ್ಲವೂ ಸೇರಿದ್ದು. ಬಿಲ್ಲು ಸಾವಿರಗಳಲ್ಲಿ ಶುರುವಾಗಿ, ಕಾರಿನ ಮಾದರಿ ಮೇಲೇರಿದಂತೆ ಹತ್ತು ಸಾವಿರ ದಾಟುತ್ತದೆ. ಹಳೆಯ ಕಾರೊಂದನ್ನು ಸಾಲ ಮಾಡಿ ಕೊಂಡು ಟ್ಯಾಕ್ಸಿ ಓಡಿಸುವವರಿಗೆ ಇದು ಹಲವು ದಿನದ ದುಡಿಮೆ.

ಈ ಖರ್ಚಿನ ಬಹುಪಾಲು ತಪ್ಪಿಸಬಹುದು. ಅದಕ್ಕೆ ಬೇಕಾದದ್ದು ಒಂದೇ ತಿಳಿವಳಿಕೆ: ನಮ್ಮ ಕೈಯಲ್ಲಿರುವ ಕೀ ಒಂದೇ ವಸ್ತುವಲ್ಲ, ನಾಲ್ಕು ಬಿಡಿಭಾಗಗಳನ್ನು ಜೋಡಿಸಿದ್ದು. ನಾಲ್ಕೂ ಒಟ್ಟಿಗೆ ಕೆಡುವುದು ತೀರಾ ಅಪರೂಪ. ಕೆಟ್ಟ ಭಾಗ ಯಾವುದೆಂದು ಗೊತ್ತಾದರೆ ಅದಕ್ಕಷ್ಟೇ ದುಡ್ಡು ಕೊಟ್ಟು ಮುಗಿಸಬಹುದು.

ಮೊದಲನೆಯದು ಪ್ಲಾಸ್ಟಿಕ್ಕಿನ ಹೊರಕವಚ. ಅಂಗಡಿಯವರು ಇದನ್ನು ಕೇಸ್ ಅಥವಾ ಶೆಲ್ ಎನ್ನುತ್ತಾರೆ. ಎರಡನೆಯದು ಬೀಗದೊಳಗೆ ಹೋಗುವ ಲೋಹದ ಅಲಗು. ಮೂರನೆಯದು ಕೇಸಿನೊಳಗೆ ಅಡಗಿರುವ ಇಮ್ಮೊಬಿಲೈಸರ್ ಚಿಪ್. ನಾಲ್ಕನೆಯದು ಬಾಗಿಲು ತೆಗೆಯುವ, ಮುಚ್ಚುವ ಗುಂಡಿಗಳಿರುವ ರಿಮೋಟ್ ಬೋರ್ಡ್ ಮತ್ತು ಅದರ ಬ್ಯಾಟರಿ. ಅಲಗು ಬೀಗವನ್ನು ತಿರುಗಿಸುತ್ತದೆ, ಚಿಪ್ ಎಂಜಿನ್‌ಗೆ ಅನುಮತಿ ಕೊಡಿಸುತ್ತದೆ, ಬೋರ್ಡ್ ದೂರದಿಂದ ಬಾಗಿಲು ತೆಗೆಯುತ್ತದೆ. ಕೇಸ್ ಇವೆಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೆ. ಆದರೆ ಬೀಳುವುದು, ಬಿರಿಯುವುದು, ಪ್ಯಾಂಟಿನ ಜೇಬಿನಲ್ಲಿ ಸವೆಯುವುದು ಹೆಚ್ಚಾಗಿ ಈ ಕೇಸೇ. ನಾವು ‘ಕೀ ಮುರಿದುಹೋಯಿತು’ ಎನ್ನುವಾಗ ಅನೇಕ ಸಲ ಮುರಿದಿರುವುದು ಅದೊಂದೇ.

ಕೇಸ್ ಬದಲಿಸುವಾಗ

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಕೀ ಮಾಡುವವರ ಮೇಜಿನ ಮುಂದೆ ನಿಂತು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಗಿರಾಕಿ ತಂದ ಮಡಚುವ ಕೀಯ ಕುತ್ತಿಗೆ ಮುರಿದು ಅಲಗು ಜೋಲಾಡುತ್ತಿರುತ್ತದೆ. ಕೆಲಸಗಾರ ಕೇಸಿನ ಸಂದಿಗೆ ತೆಳ್ಳನೆಯ ತಟ್ಟೆಯೊಂದನ್ನು ತೂರಿಸಿ ಎರಡು ಹೋಳು ಮಾಡುತ್ತಾನೆ. ಹಸಿರು ಬೋರ್ಡನ್ನು ಎತ್ತಿ ಪಕ್ಕಕ್ಕಿಡುತ್ತಾನೆ. ಅಲಗಿನ ಬುಡದಲ್ಲಿ ಗುಂಡುಸೂಜಿಯಷ್ಟು ದಪ್ಪದ ಉಕ್ಕಿನ ಪಿನ್ ಇರುತ್ತದೆ. ಅದರ ಮೇಲೆ ಸಣ್ಣ ಪಂಚ್ ಇಟ್ಟು, ಪುಟ್ಟ ಸುತ್ತಿಗೆಯಿಂದ ಎರಡೇಟು ಕೊಟ್ಟು ಹೊರಗೆ ತಳ್ಳುತ್ತಾನೆ. ಅಲಗು ಕಳಚಿಕೊಳ್ಳುತ್ತದೆ. ಆಮೇಲೆ ಅವನು ಹಳೆಯ ಕೇಸನ್ನು ಬೆಳಕಿಗೆ ಹಿಡಿದು ಮೂಲೆ ಮೂಲೆ ಹುಡುಕುತ್ತಾನೆ. ಒಂದು ಗೂಡಿನಲ್ಲಿ, ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ತುಂಡೊಂದು ಅಂಟಿಕೊಂಡಿರುತ್ತದೆ. ‘ಇದೇ ಸಾರ್ ಗಾಡಿ ಸ್ಟಾರ್ಟ್ ಮಾಡೋದು’ ಎಂದು ಅದನ್ನು ಜೋಪಾನವಾಗಿ ಬಿಡಿಸಿ ಹೊಸ ಕೇಸಿನ ಗೂಡಿಗೆ ಸೇರಿಸುತ್ತಾನೆ. ಬೋರ್ಡ್, ಅಲಗು, ಪಿನ್ ಎಲ್ಲವೂ ಹೊಸ ಮನೆ ಸೇರುತ್ತವೆ. ಸಾಮಾನ್ಯ ಮಾದರಿಗಳ ಖಾಲಿ ಕೇಸಿಗೆ ಕೆಲವು ನೂರು ರೂಪಾಯಿ, ಮೇಲೆ ಕೂಲಿ. ಪ್ರೋಗ್ರಾಮಿಂಗ್ ಬೇಡ, ಪಾಸ್‌ವರ್ಡ್ ಬೇಡ, ಕಾರನ್ನು ಅಲ್ಲಿಗೆ ಒಯ್ಯುವುದೂ ಬೇಡ.

ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳುವವರು ಎರಡು ಕಡೆ ಎಚ್ಚರ ವಹಿಸಬೇಕು. ಆನ್‌ಲೈನಿನಲ್ಲಿ ಕೇಸ್ ತರಿಸುವಾಗ ಕಾರಿನ ಹೆಸರು ನೋಡಿದರೆ ಸಾಲದು. ಗುಂಡಿಗಳ ಸಂಖ್ಯೆ, ಅಲಗಿನ ಬುಡದ ಆಕಾರ, ಪಿನ್ನಿನ ಜಾಗ, ಚಿಪ್ಪಿನ ಗೂಡು ನಾಲ್ಕನ್ನೂ ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಒಂದೇ ಮಾದರಿಯ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಕೀ ಬಂದಿರುತ್ತದೆ. ಎರಡನೆಯದು, ಹೊಸ ಕೀಯಲ್ಲಿ ಕಾರು ಸ್ಟಾರ್ಟ್ ಆಗಿ ಓಡುವವರೆಗೆ ಹಳೆಯ ಕೇಸನ್ನು ಕಸಕ್ಕೆ ಹಾಕಬಾರದು. ಆ ಕಪ್ಪು ತುಂಡನ್ನು ಹಳೆಯ ಕೇಸಿನಲ್ಲೇ ಬಿಟ್ಟು ಎಸೆದವರು ಬಹಳ ಮಂದಿ. ಅಂಥವರ ಕಾರಿನ ಬಾಗಿಲು ತೆರೆಯುತ್ತದೆ, ಕೀ ತಿರುಗುತ್ತದೆ, ಆದರೆ ಎಂಜಿನ್ ಹಿಡಿಯುವುದಿಲ್ಲ. ಕೆಲವು ಕಾರುಗಳಲ್ಲಿ ಒಂದೆರಡು ಸೆಕೆಂಡ್ ಹಿಡಿದು ಆರಿಹೋಗುತ್ತದೆ. ನೂರರ ಕೆಲಸ ಸಾವಿರದ ಕೆಲಸವಾಗುವುದು ಹೀಗೆ. ಹುಡುಕಿದರೂ ಬಿಡಿ ಚಿಪ್ ಸಿಗದಿದ್ದರೆ ಗಾಬರಿ ಬೇಡ. ಅನೇಕ ಮಾದರಿಗಳಲ್ಲಿ ಅದನ್ನು ಬೋರ್ಡಿನ ಮೇಲೇ ಕೂರಿಸಿರುತ್ತಾರೆ.

ಗುಂಡಿ ಕೆಲಸ ಮಾಡದಿದ್ದರೆ

ರಿಮೋಟ್ ಸತ್ತರೆ ಮೊದಲು ನೋಡಬೇಕಾದದ್ದು ಬ್ಯಾಟರಿ. ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿಯ ಮೇಲೆ ಸಿಆರ್ 2032, ಸಿಆರ್ 1620 ಎಂಬಂಥ ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ಮಿಲಿಮೀಟರಿನಲ್ಲಿ ಅಗಲ, ಉಳಿದ ಎರಡು ದಪ್ಪ. 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2032ರ ಜಾಗಕ್ಕೆ 2025 ಹಾಕಿದರೆ ದಪ್ಪ ಸಾಲದೆ ತಗಡು ಸರಿಯಾಗಿ ತಾಗುವುದಿಲ್ಲ. ಕೀ ಒಮ್ಮೆ ಕೆಲಸ ಮಾಡಿ ಒಮ್ಮೆ ಕೈಕೊಡುತ್ತದೆ. ಹಳೆಯದರ ಸಂಖ್ಯೆ ನೋಡಿ ಅದನ್ನೇ ಹಾಕಬೇಕು.

ಬ್ಯಾಟರಿ ಸರಿಯಿದ್ದೂ ಒಂದೇ ಗುಂಡಿ ಸ್ಪಂದಿಸದಿದ್ದರೆ ಬೋರ್ಡಿನ ಮೇಲಿರುವ ಪುಟ್ಟ ಸ್ವಿಚ್ ಸವೆದಿರುತ್ತದೆ ಅಥವಾ ಅದರ ಕಾಲಿನ ಬೆಸುಗೆ ಬಿಟ್ಟಿರುತ್ತದೆ. ಈ ಸ್ವಿಚ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಯಾಗಿ ಸಿಗುತ್ತವೆ. ಮೊಬೈಲ್ ರಿಪೇರಿ ಮಾಡುವ ಯಾವ ಹುಡುಗನಾದರೂ ಸ್ವಲ್ಪ ಹೊತ್ತಿನಲ್ಲಿ ಬದಲಿಸಿ ಕೊಡಬಲ್ಲ. ಮಳೆಯಲ್ಲಿ ನೆಂದ ಅಥವಾ ಬಟ್ಟೆಯ ಜೊತೆ ವಾಷಿಂಗ್ ಮಷಿನ್ನಿಗೆ ಹೋದ ಕೀಯನ್ನು ಒತ್ತಿ ಒತ್ತಿ ಪರೀಕ್ಷಿಸಬಾರದು. ತಕ್ಷಣ ಬ್ಯಾಟರಿ ಕಳಚಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಚೆನ್ನಾಗಿ ಒಣಗಿಸಿ ಆಮೇಲೆ ಜೋಡಿಸಬೇಕು.

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಸ್ಮಾರ್ಟ್ ಕೀ ಇರುವವರು ಇನ್ನೊಂದು ಮಾತು ನೆನಪಿಡಬೇಕು. ಬ್ಯಾಟರಿ ಪೂರ್ತಿ ಇಳಿದರೂ ಕಾರು ಅನಾಥವಾಗುವುದಿಲ್ಲ. ಕೀಯೊಳಗೆ ಸಾಮಾನ್ಯವಾಗಿ ಒಂದು ಪುಟ್ಟ ಲೋಹದ ಕೀ ಅಡಗಿರುತ್ತದೆ. ಅದರಿಂದ ಬಾಗಿಲು ತೆಗೆಯಬಹುದು. ಆಮೇಲೆ ಹೆಚ್ಚಿನ ಕಾರುಗಳಲ್ಲಿ ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು ಒತ್ತಿದರೆ ಎಂಜಿನ್ ಚಾಲೂ ಆಗುತ್ತದೆ. ಕೆಲವು ಮಾದರಿಗಳಲ್ಲಿ ಕೀ ಇಡಲು ಬೇರೆ ಜಾಗ ಇರುತ್ತದೆ, ಅದು ಕೈಪಿಡಿಯಲ್ಲಿದೆ.

ಅಲಗು ಮುರಿದರೆ

ಅಲಗು ಮುರಿಯುವುದಕ್ಕೆ ಸಾಮಾನ್ಯ ಕಾರಣ ನಮ್ಮ ಅವಸರ. ಸ್ಟೇರಿಂಗ್ ಲಾಕ್ ಬಿಗಿದಿರುವಾಗ ಕೀ ತಿರುಗುವುದಿಲ್ಲ. ಸ್ಟೇರಿಂಗನ್ನು ಎಡಬಲಕ್ಕೆ ಸ್ವಲ್ಪ ಅಲ್ಲಾಡಿಸಿ ಹಗುರವಾಗಿ ತಿರುಗಿಸಬೇಕಾದ ಕಡೆ ನಾವು ಕೀಗೇ ಬಲ ಹಾಕುತ್ತೇವೆ. ಮುರಿದ ತುಂಡು ಬೀಗದೊಳಗೆ ಉಳಿದರೆ, ಉಳಿದರ್ಧಕ್ಕೆ ಫೆವಿಕ್ವಿಕ್ ಹಚ್ಚಿ ಅಂಟಿಸಿ ಎಳೆಯುವ ಸಾಹಸ ಖಂಡಿತ ಬೇಡ. ಅಂಟು ಬೀಗದ ಒಳತಗಡುಗಳಿಗೆ ಹರಿದರೆ, ತುಂಡು ತೆಗೆಯುವ ಕೆಲಸ ಬೀಗವನ್ನೇ ಬದಲಿಸುವ ಕೆಲಸವಾಗುತ್ತದೆ. ಬೀಗ ತಿರುಗಿದ ಸ್ಥಿತಿಯಲ್ಲಿದ್ದರೆ ತುಂಡು ಈಚೆಗೆ ಬರುವುದೂ ಇಲ್ಲ. ಅದು ಕೀ ಹಾಕುವ, ತೆಗೆಯುವ ಸ್ಥಾನಕ್ಕೆ ಮರಳಬೇಕು. ಕೀ ಮಾಡುವವರ ಹತ್ತಿರ ಇದಕ್ಕೆಂದೇ ಕೊಕ್ಕೆಯಿರುವ ತೆಳ್ಳನೆ ಸಲಕರಣೆ ಇರುತ್ತದೆ. ಅವರನ್ನು ಕಾರಿನ ಹತ್ತಿರಕ್ಕೇ ಕರೆಸುವುದು ಕ್ಷೇಮ.

ಎರಡೂ ತುಂಡು ಕೈಯಲ್ಲಿದ್ದರೆ ಹೊಸ ಅಲಗು ಮಾಡುವುದು ಕಷ್ಟವಲ್ಲ. ಇದಕ್ಕೆ ಎರಡು ದಾರಿ. ಹಳೆಯ ಅಲಗಿನ ಹಲ್ಲುಗಳನ್ನು ಯಂತ್ರದಲ್ಲಿ ಸವರಿಕೊಂಡು ಹಾಗೆಯೇ ನಕಲು ಮಾಡುವುದು ಒಂದು. ವರ್ಷಗಟ್ಟಲೆ ಸವೆದ ಕೀಯನ್ನು ಹೀಗೆ ನಕಲು ಮಾಡಿದರೆ ಸವೆತವೂ ನಕಲಾಗುತ್ತದೆ, ಹೊಸ ಕೀ ಮೊದಲ ದಿನದಿಂದಲೇ ತಡವರಿಸುತ್ತದೆ. ಎರಡನೆಯ ದಾರಿಯಲ್ಲಿ ಹಲ್ಲುಗಳ ಆಳವನ್ನು ಸಂಖ್ಯೆಯಾಗಿ ಓದಿ, ಕಂಪನಿಯಿಂದ ಬಂದಾಗ ಇದ್ದ ಅಳತೆಗೇ ಕಂಪ್ಯೂಟರ್ ಯಂತ್ರ ಕತ್ತರಿಸುತ್ತದೆ. ಕಾರು ಕೊಂಡಾಗ ಕೀ ಗೊಂಚಲಿನಲ್ಲಿ ಸಂಖ್ಯೆ ಕೊರೆದ ಸಣ್ಣ ಬಿಲ್ಲೆಯೊಂದು ಬಂದಿದ್ದರೆ ಅದನ್ನು ಜೋಪಾನ ಮಾಡಿ. ಆ ಸಂಖ್ಯೆ ಇದ್ದರೆ ಹಳೆಯ ಅಲಗು ಇಲ್ಲದೆಯೂ ಹೊಸದನ್ನು ಕತ್ತರಿಸಬಹುದು. ಅದನ್ನು ಗೊಂಚಲಿನಲ್ಲೇ ನೇತುಹಾಕಿಕೊಂಡು ತಿರುಗಬಾರದು. ಸಂಖ್ಯೆ ನೋಡಿದವರು ಯಾರಾದರೂ ಅಲಗು ಮಾಡಿಸಿಕೊಳ್ಳಬಹುದು.

ಚಿಪ್ಪಿನ ಗುಟ್ಟು

ನಿಜವಾದ ಖರ್ಚು ಬರುವುದು ಚಿಪ್ ಕೆಟ್ಟಾಗ ಅಥವಾ ಕಳೆದುಹೋದಾಗ. ಅದರೊಳಗೆ ಬ್ಯಾಟರಿ ಇಲ್ಲ. ಇಗ್ನಿಷನ್ ಬೀಗದ ಸುತ್ತ ತಂತಿಯ ಸುರುಳಿಯೊಂದಿದೆ. ಕೀ ತಿರುಗಿಸಿದಾಗ ಆ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಹೊಮ್ಮಿಸುವ ಕಾಂತೀಯ ಅಲೆಯಿಂದಲೇ ಚಿಪ್ಪಿಗೆ ಶಕ್ತಿ ಸಿಗುತ್ತದೆ. ಕಾರು ಒಂದು ಸಂಖ್ಯೆಯನ್ನು ಕಳಿಸುತ್ತದೆ. ಚಿಪ್ ತನ್ನೊಳಗಿನ ಗುಪ್ತ ಸಂಖ್ಯೆಯೊಂದಿಗೆ ಅದನ್ನು ಬೆರೆಸಿ ಲೆಕ್ಕ ಮಾಡಿ ಉತ್ತರಿಸುತ್ತದೆ. ಉತ್ತರ ಸರಿಯಿದ್ದರೆ ಮಾತ್ರ ಎಂಜಿನ್ ಕಂಪ್ಯೂಟರ್ ಎಂಜಿನ್ನನ್ನು ಓಡಲು ಬಿಡುತ್ತದೆ. ಯುರೋಪಿನಲ್ಲಿ 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಈ ವ್ಯವಸ್ಥೆ ಕಡ್ಡಾಯವಾಯಿತು. ಕಳ್ಳತನ ತಡೆಯುವುದರಲ್ಲಿ ಇದರ ಉಪಕಾರ ದೊಡ್ಡದು. ಇದಿಲ್ಲದೆ ಮಾರಾಟವಾದ ಕಿಯಾ, ಹ್ಯೂಂಡೈ ಕಾರುಗಳು ಅಮೆರಿಕದಲ್ಲಿ 2021ರ ನಂತರ ಕಳ್ಳರಿಗೆ ಸುಲಭದ ತುತ್ತಾದದ್ದನ್ನು ಜಗತ್ತೇ ನೋಡಿದೆ.

ಹೊಸ ಚಿಪ್ಪನ್ನು ಕಾರಿಗೆ ಒಪ್ಪಿಸಲು ಎರಡು ವಿಧಾನಗಳಿವೆ. ಕೆಲಸ ಮಾಡುತ್ತಿರುವ ಇನ್ನೊಂದು ಕೀ ಇದ್ದರೆ, ಅದರ ಚಿಪ್ಪಿನಲ್ಲಿರುವುದನ್ನೇ ಖಾಲಿ ಚಿಪ್ಪಿಗೆ ನಕಲು ಮಾಡುವುದು ಒಂದು. ಇದನ್ನು ಕ್ಲೋನಿಂಗ್ ಎನ್ನುತ್ತಾರೆ. ಕಾರಿನ ಪಾಲಿಗೆ ಅದು ಹಳೆಯ ಕೀಯೇ. ಎರಡನೆಯದು ಪ್ರೋಗ್ರಾಮಿಂಗ್, ಅಂಗಡಿಯ ಭಾಷೆಯಲ್ಲಿ ಕೋಡಿಂಗ್. ಸ್ಟೇರಿಂಗಿನ ಕೆಳಗಿರುವ ಒಬಿಡಿ ಕಿಂಡಿಗೆ ಯಂತ್ರ ಸಿಕ್ಕಿಸಿ, ಕಾರಿನ ಪಿನ್ ಸಂಖ್ಯೆ ಬಳಸಿ, ಹೊಸ ಕೀಯನ್ನು ಕಾರಿನ ನೆನಪಿಗೆ ಸೇರಿಸುವುದು. ಈ ಯಂತ್ರಗಳು ಈಗ ಶೋರೂಮಿನ ಸ್ವತ್ತಲ್ಲ. ಎಕ್ಸ್‌ಹಾರ್ಸ್, ಆಟೆಲ್, ಕೀಡಿವೈ ಮುಂತಾದ ಕಂಪನಿಗಳ ಉಪಕರಣಗಳನ್ನಿಟ್ಟುಕೊಂಡ ಕೀ ಕೆಲಸಗಾರರು ಬೆಂಗಳೂರಿನಲ್ಲಷ್ಟೇ ಅಲ್ಲ, ದೊಡ್ಡ ಊರುಗಳಲ್ಲೆಲ್ಲ ಇದ್ದಾರೆ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಕಾರುಗಳಿಗೆ ಈ ಕೆಲಸ ಸಾಮಾನ್ಯವಾಗಿ ಶೋರೂಮಿನ ದರಕ್ಕಿಂತ ಗಣನೀಯವಾಗಿ ಕಡಿಮೆಗೆ ಆಗುತ್ತದೆ.

ಪ್ರೋಗ್ರಾಮಿಂಗ್‌ಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಕೀಗಳನ್ನೂ ಒಯ್ಯಬೇಕು. ಹಲವು ಕಾರುಗಳಲ್ಲಿ ಹೊಸದನ್ನು ಸೇರಿಸುವಾಗ ಹಳೆಯ ಪಟ್ಟಿ ಅಳಿಸಿಹೋಗುತ್ತದೆ. ಆ ಹೊತ್ತಿನಲ್ಲಿ ಎದುರಿಗಿಲ್ಲದ ಕೀ ನಿರುಪಯುಕ್ತವಾಗುತ್ತದೆ. ಕಾರಿನ ಬ್ಯಾಟರಿ ಸಾಕಷ್ಟು ಚಾರ್ಜ್ ಇರಬೇಕು, ಕೆಲಸದ ನಡುವೆ ವೋಲ್ಟೇಜ್ ಇಳಿದರೆ ಎಡವಟ್ಟಾಗುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಹಳೆಯ ರಿಮೋಟ್ ಕೀಗಳ ಆಸೆ ಬೇಡ. ಅನೇಕ ಕೀಗಳು ಒಮ್ಮೆ ಒಂದು ಕಾರಿಗೆ ಬೆಸೆದುಕೊಂಡ ಮೇಲೆ ಇನ್ನೊಂದನ್ನು ಒಪ್ಪುವುದಿಲ್ಲ. ಚಿಪ್ಪನ್ನು ಇಗ್ನಿಷನ್ ಪಕ್ಕದಲ್ಲೇ ಶಾಶ್ವತವಾಗಿ ಅಂಟಿಸಿ, ಬರೀ ಲೋಹದ ಕೀ ಬಳಸಿ ಎಂಬ ಸಲಹೆ ಬಂದರೆ ಒಪ್ಪಬೇಡಿ. ಹಾಗೆ ಮಾಡಿದರೆ ಕಾರಿನ ಕಾವಲನ್ನು ನಾವೇ ಕಿತ್ತುಹಾಕಿದಂತೆ.

ಯಾರ ಕೈಗೆ ಕೊಡಬೇಕು

ಹೊರಗಿನವರಿಗೆ ಕಾರಿನ ಕೀ ಕೊಡುವುದು ಹೇಗೆ ಎಂಬ ಅಂಜಿಕೆ ಸಹಜ. ಒಳ್ಳೆಯ ಕೀ ಕೆಲಸಗಾರನನ್ನು ಗುರುತಿಸುವುದು ಕಷ್ಟವಲ್ಲ. ಅವನಿಗೊಂದು ಅಂಗಡಿ, ವಿಳಾಸ ಇರುತ್ತದೆ. ಕೆಲಸಕ್ಕೆ ಮೊದಲು ಆರ್‌ಸಿ, ಗುರುತಿನ ಚೀಟಿ ಕೇಳುತ್ತಾನೆ. ಕೇಳಿದ್ದಕ್ಕೆ ಸಿಟ್ಟಾಗಬಾರದು, ಕೇಳದೆ ಇದ್ದವನನ್ನೇ ಅನುಮಾನಿಸಬೇಕು. ಕಾರಿನ ಪಕ್ಕದಲ್ಲಿ ನೀವು ನಿಂತಿರುವಾಗಲೇ ಕೆಲಸ ಮುಗಿಸುತ್ತಾನೆ. ಕಾರಿನ ನೆನಪಿನಲ್ಲಿ ಒಟ್ಟು ಎಷ್ಟು ಕೀಗಳಿವೆ ಎಂದು ಯಂತ್ರದ ಪರದೆಯಲ್ಲಿ ತೋರಿಸು ಎಂದರೆ, ಆ ಮಾಹಿತಿ ಕೊಡುವ ಕಾರಾಗಿದ್ದರೆ ತೋರಿಸುತ್ತಾನೆ. ನಿಮ್ಮ ಕೈಯಲ್ಲಿರುವ ಕೀಗಳಿಗೂ ಆ ಸಂಖ್ಯೆಗೂ ತಾಳೆಯಾಗಬೇಕು.

ದರವನ್ನು ಮೊದಲೇ ಮಾತಾಡಿಕೊಳ್ಳಿ: ಅಲಗು ಕತ್ತರಿಸುವುದು, ಚಿಪ್, ರಿಮೋಟ್, ಕೋಡಿಂಗ್ ಎಲ್ಲ ಸೇರಿ ಎಷ್ಟು, ಕೆಲಸ ಆಗದಿದ್ದರೆ ಏನು ಕೊಡಬೇಕು, ಹೊಸ ಕೀಗೆ ಎಷ್ಟು ದಿನದ ಗ್ಯಾರಂಟಿ. ದುಡ್ಡು ಕೊಡುವ ಮೊದಲು ಹೊಸ ಕೀಯಲ್ಲೂ ಹಳೆಯದರಲ್ಲೂ ಹಲವು ಬಾರಿ ಸ್ಟಾರ್ಟ್ ಮಾಡಿ, ಎಲ್ಲ ಬಾಗಿಲು, ಡಿಕ್ಕಿ ಪರೀಕ್ಷಿಸಿ. ಬಿಲ್ಲು ತೆಗೆದುಕೊಳ್ಳಿ. ಕೈಯಲ್ಲಿ ಕಾನಸು ಹಿಡಿದು ಬೀಗದ ಕೈ ತಿದ್ದುತ್ತಿದ್ದ ಮನೆತನಗಳ ಹುಡುಗರೇ ಇಂದು ಲಕ್ಷಾಂತರ ರೂಪಾಯಿ ಹಾಕಿ ಈ ಯಂತ್ರಗಳನ್ನು ತಂದು ಕಲಿತಿರುವ ಉದಾಹರಣೆಗಳು ಇವೆ. ಅವರ ವಿದ್ಯೆಗೆ ತಕ್ಕ ಕೂಲಿ ಸಲ್ಲಬೇಕು. ಚೌಕಾಸಿ ಮಾಡುವುದಾದರೆ ಬೇಡದ ಕೆಲಸ ಸೇರಿಸಬೇಡ ಎಂದು ಮಾಡೋಣ.

ಮುರಿದದ್ದು ಬೇರೆ, ಕಳೆದದ್ದು ಬೇರೆ

ಲಾಕ್ ಸೆಟ್ ಬದಲಿಸಿ ಎನ್ನುವವರು ಕೊಡುವ ಕಾರಣ ಸುರಕ್ಷತೆ. ಕೀ ಕಳೆದಿದ್ದರೆ ಆ ಮಾತಿಗೆ ತೂಕವಿದೆ, ಅದು ಯಾರ ಕೈಸೇರಿದೆಯೋ ಗೊತ್ತಿಲ್ಲ. ಆಗಲೂ ಕಳೆದ ಕೀಯನ್ನು ಕಾರಿನ ನೆನಪಿನಿಂದ ಅಳಿಸಿದರೆ, ಸಿಕ್ಕವನು ಬಾಗಿಲು ತೆರೆದಾನೇ ಹೊರತು ಆ ಕೀಯಿಂದ ಎಂಜಿನ್ ಚಾಲೂ ಮಾಡಲಾರ. ಆದರೆ ಮುರಿದ ಕೀ ನಿಮ್ಮ ಅಂಗೈಯಲ್ಲೇ ಇದೆ. ಹೊರಗೆ ಯಾರ ಹತ್ತಿರವೂ ಇಲ್ಲ. ಬೀಗ ಸರಿಯಿರುವಾಗ ಅದನ್ನು ಕಿತ್ತು ಹೊಸದು ಹಾಕಲು ಸುರಕ್ಷತೆಯ ಕಾರಣವೇ ಇಲ್ಲ. ಶೋರೂಮಿನಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಕೇಳಿ.

ಮುರಿದ ಚೂರುಗಳನ್ನು ಎಸೆಯಬಾರದು ಎನ್ನುವುದಕ್ಕೆ ಇನ್ನೊಂದು ದೊಡ್ಡ ಕಾರಣ ವಿಮೆ. ಕಾರು ಕಳುವಾಗಿ ಕ್ಲೇಮು ಹಾಕಿದರೆ ವಿಮಾ ಕಂಪನಿ ಸಾಮಾನ್ಯವಾಗಿ ಕಾರಿನ ಜೊತೆ ಬಂದ ಎಲ್ಲ ಕೀಗಳನ್ನೂ ಕೇಳುತ್ತದೆ. ಒಂದು ಇಲ್ಲದಿದ್ದರೆ, ಕೀಯನ್ನು ಕಾರಿನಲ್ಲೇ ಬಿಟ್ಟಿದ್ದಿರಾ ಎಂಬ ಪ್ರಶ್ನೆ ಬರುತ್ತದೆ, ಕ್ಲೇಮು ತಗಲಿಹಾಕಿಕೊಳ್ಳುತ್ತದೆ. ಮುರಿದ ಮೂಲ ಕೀಯನ್ನೂ ಹೊಸದರ ಬಿಲ್ಲನ್ನೂ ಒಂದು ಲಕೋಟೆಯಲ್ಲಿ ಹಾಕಿ ಆರ್‌ಸಿ ಜೊತೆ ಮನೆಯಲ್ಲಿಡಿ. ಕಳೆದುಹೋದ ಕೀಯಾಗಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ವರದಿ ದಾಖಲಿಸಿ, ಪ್ರತಿ ಇಟ್ಟುಕೊಳ್ಳಿ. ಕೆಲವು ಪಾಲಿಸಿಗಳಲ್ಲಿ ಕೀ ಬದಲಾವಣೆಯ ಖರ್ಚು ಭರಿಸುವ ಹೆಚ್ಚುವರಿ ಕವರ್ ಇರುತ್ತದೆ. ಪ್ರೀಮಿಯಂ ಕಟ್ಟಿ ಅದನ್ನು ಮರೆತವರೂ ಇದ್ದಾರೆ. ಕೈಯಿಂದ ದುಡ್ಡು ಹಾಕುವ ಮೊದಲು ಪಾಲಿಸಿ ತೆಗೆದು ನೋಡಿ.

ಕೆಲವು ಕೀಗಳಿಗೆ ಶೋರೂಮೇ ಸರಿಯಾದ ದಾರಿ. ಹೊಸ ಕಾರಿಗೆ ವಾರಂಟಿ ಇದ್ದು ರಿಮೋಟ್ ತಾನಾಗಿ ಕೆಟ್ಟಿದ್ದರೆ ಅದು ಅವರ ಹೊಣೆ. ಕೀಯ ದತ್ತಾಂಶವನ್ನು ಕಂಪನಿಯ ಸರ್ವರ್‌ನೊಂದಿಗೆ ಬೆಸೆದಿರುವ ದುಬಾರಿ ಜರ್ಮನ್ ಕಾರುಗಳ ವಿಷಯದಲ್ಲೂ, ಎಲ್ಲ ಕೀಗಳೂ ಕಳೆದಾಗಲೂ ಮೊದಲು ಅಲ್ಲಿ ವಿಚಾರಿಸುವುದು ಜಾಣತನ. ಉಳಿದ ಮುರಿದ ಕೀಗಳಿಗೆ ಆ ಬಾಗಿಲು ತಟ್ಟುವ ಅಗತ್ಯ ಬಹಳ ಸಲ ಇಲ್ಲ.

ಮಾಲೀಕನ ಹಕ್ಕು

ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಗುತ್ತದೆ ಎಂದು ಹೆದರಿಸುವುದು ಹಳೆಯ ರೂಢಿ. ಇದರ ಬಗ್ಗೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ದೊಡ್ಡ ಆದೇಶ ಕೊಟ್ಟಿದೆ. ಶಂಶೇರ್ ಕಟಾರಿಯಾ ಎಂಬವರ ದೂರಿನಿಂದ ಶುರುವಾದ ಪ್ರಕರಣದಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿ ಗ್ರಾಹಕರನ್ನು ಕಟ್ಟಿಹಾಕಿದ್ದು ತಪ್ಪು ಎಂದಿತು. ಸ್ವತಂತ್ರ ಗ್ಯಾರೇಜಿಗೆ ಹೋದ ಕಾರಣಕ್ಕೇ ಸಾರಾಸಗಟಾಗಿ ವಾರಂಟಿ ರದ್ದು ಮಾಡುವ ಷರತ್ತು ಹಾಕಬಾರದು ಎಂದೂ ನಿರ್ದೇಶಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು, ವ್ಯಾಜ್ಯ ಬೆಳೆಯಿತು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ರಚಿಸಿದಾಗ ಆಯ್ದ ಕ್ಷೇತ್ರಗಳಲ್ಲಿ ವಾಹನವೂ ಒಂದಾಗಿತ್ತು.

ಕೀಯ ಮಟ್ಟಿಗೆ ನಾವು ಕೇಳಬೇಕಾದದ್ದು ಬಹಳ ಚಿಕ್ಕದು. ಫಿಯೆಟ್ ಕಂಪನಿ ಹಿಂದೆ ತನ್ನ ಕಾರುಗಳ ಜೊತೆ ಕೋಡ್ ಕಾರ್ಡ್ ಕೊಡುತ್ತಿತ್ತು. ಇಮ್ಮೊಬಿಲೈಸರಿನ ಗುಪ್ತ ಸಂಖ್ಯೆಯೂ ಅಲಗಿನ ಸಂಖ್ಯೆಯೂ ಅದರಲ್ಲಿರುತ್ತಿದ್ದವು. ಒಪೆಲ್ ಕಾರುಗಳಿಗೆ ಕಾರ್ ಪಾಸ್ ಎಂಬ ಅಂಥದೇ ಕಾರ್ಡ್ ಇತ್ತು. ಬ್ಯಾಂಕಿನವರು ಎಟಿಎಂ ಪಿನ್ ಕೊಡುವಷ್ಟೇ ಸರಳವಾದ ಈ ಪದ್ಧತಿಯನ್ನು ಎಲ್ಲ ಕಂಪನಿಗಳೂ ಅನುಸರಿಸಬಹುದು. ಹೊಸ ಕಾರು ಕೊಳ್ಳುವವರು ಡೆಲಿವರಿಯ ದಿನವೇ, ಹಣ ಇನ್ನೂ ತಮ್ಮ ಕೈಯಲ್ಲಿರುವಾಗ, ಈ ಎರಡು ಸಂಖ್ಯೆಗಳನ್ನು ಬರವಣಿಗೆಯಲ್ಲಿ ಕೇಳಬೇಕು. ಹಳೆಯ ಕಾರು ಕೊಳ್ಳುವವರು ಎರಡೂ ಕೀ ಬಂದವೇ ಎಂದು ನೋಡದೆ ವ್ಯಾಪಾರ ಮುಗಿಸಬಾರದು.

ಒಂದೇ ಕೀಯಲ್ಲಿ ಕಾಲ ತಳ್ಳುತ್ತಿರುವವರು ಇನ್ನೊಂದನ್ನು ಈಗಲೇ ಮಾಡಿಸಿಕೊಳ್ಳಲಿ. ಕೆಲಸ ಮಾಡುವ ಕೀ ಒಂದು ಕೈಯಲ್ಲಿದ್ದಾಗ ಎರಡನೆಯದು ಸುಲಭದ ಕೆಲಸ. ಅದೂ ಹೋದರೆ ಕಾರನ್ನು ಎಳೆಸಿಕೊಂಡು ಹೋಗುವ ಖರ್ಚು ಸೇರಿ ಎಲ್ಲವೂ ದುಬಾರಿ. ಸಾವಿರ ರೂಪಾಯಿ ಮುಂದಾಗಿ ಹಾಕಿ ಹತ್ತು ಸಾವಿರ ಉಳಿಸುವ ಅವಕಾಶ ಕಾರಿನ ಖರ್ಚುಗಳಲ್ಲಿ ಹೆಚ್ಚು ಸಲ ಸಿಗುವುದಿಲ್ಲ.